ಪೆನ್ಸಿಲ್ ಹಿಡಿದ ಅಮ್ಮನವರಿಗೆ

ಚರ್ಚಿನಲ್ಲಿ ಆರಾಧನೆ ಮುಗಿಸಿ ಬಾಗಿಲ ಬಳಿ ನಿಂತಿದ್ದ ನನ್ನ ಮುಂದೆ ತಾವು ಸತ್ಯವೇದವನ್ನು (ಬೈಬಲನ್ನು) ಬಿಚ್ಚಿ ಹಿಡಿದಿರಿ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲಿನ ಐದು ತಾರೀಕುಗಳು. ಒಂದೇ ವರ್ಷದವು, ಐದೂ ನನ್ನ ಪ್ರಸಂಗಗಳೇ! “ಅಯ್ಯನವರೇ, ಹಬಕ್ಕೂಕನ ಮನೆಗೆ ಒಮ್ಮೆಯೂ ಹೋಗಲಿಲ್ಲವಲ್ಲ” ಎಂದು ಆ ಪ್ರವಾದಿಯ ಪುಸ್ತಕವನ್ನು ನೆನಪಿಸಿದಿರಿ, ಅಷ್ಟೇ.

ಹಳೆಯ ಒಡಂಬಡಿಕೆಯ 39 ಪುಸ್ತಕಗಳಲ್ಲಿ ಎಷ್ಟನ್ನು ಮುಟ್ಟಿಲ್ಲವೆಂದು ಆ ರಾತ್ರಿ ಎಣಿಸಿ ನಾಚಿದೆ. ಈಗ ಮೂರು ವರ್ಷಗಳ ವಾಕ್ಯಭಾಗಗಳ ಪಟ್ಟಿಯನ್ನು ಅನುಸರಿಸುತ್ತಿದ್ದೇನೆ. ಒಲ್ಲದ ಭಾಗ ಬಂದರೂ ನುಣುಚಿಕೊಳ್ಳುವಂತಿಲ್ಲ. ಸೋಮವಾರ ಮಾತ್ರ ಪ್ರಸಂಗದ ಹಂಗಿಲ್ಲದೆ ಸುಮ್ಮನೆ ಓದುತ್ತೇನೆ.

ಎಷ್ಟು ಕಾಲ ಮೊರೆಯಿಡಬೇಕೆಂದು ದೇವರನ್ನೇ ಕೇಳಿದ ಹಬಕ್ಕೂಕ ಹೋದ ಭಾನುವಾರ ಬಂದ. ಮೂರನೆಯ ಬೆಂಚಿನಲ್ಲಿ ತಮ್ಮ ಪೆನ್ಸಿಲ್ ಆಡಿದ್ದನ್ನು ಪೀಠದಿಂದಲೇ ಕಂಡೆ. ವಂದನೆಗಳು, ಅಮ್ಮಾ.