ಹಳೇ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್: ‘ಮುಟ್ಟಬೇಡಿ’ ಅಂದರೆ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ವಾಹನ ಪುಟದಲ್ಲಿ ಓದುಗರೊಬ್ಬರು ತಮ್ಮ ಹಳೇ ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಬೇಕಾ ಎಂದು ಕೇಳಿದ್ದರು. ‘ಇಷ್ಟು ವರ್ಷ ಮುಟ್ಟಿಲ್ಲ ಅಂದ್ರೆ ಇನ್ನು ಮುಟ್ಟಬೇಡಿ’ ಎಂಬ ಒಂದೇ ಸಾಲಿನ ಉತ್ತರ ಬಂತು. ಗ್ಯಾರೇಜುಗಳಲ್ಲಿ ಈ ಮಾತು ಎಲ್ಲರ ಬಾಯಲ್ಲೂ ಇದೆ, ಅಲ್ಲಿ ಇದ್ದರೆ ಇರಲಿ. ಪತ್ರಿಕೆಯಲ್ಲಿ ಬಂದಾಗ ಜನ ಅದನ್ನೇ ನಂಬಿ ಕೂರುತ್ತಾರೆ, ಅದಕ್ಕೇ ಈ ಪತ್ರ.

ಈ ಮಾತು ಹೇಗೆ ಹುಟ್ಟಿತು ಅಂತ ಊಹಿಸೋದು ಕಷ್ಟವಲ್ಲ. ಗೇರ್ ಸರಿಯಾಗಿ ಬೀಳುವಾಗ ಯಾರಿಗೂ ಆಯಿಲ್ ನೆನಪಾಗಲ್ಲ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಬರೀ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ, ಡಿ ಹಾಕಿದರೆ ಧಡ್ ಅಂತ ಜರ್ಕ್ ಹೊಡೆಯುತ್ತೆ, ಆಗ ಓಡಿ ಬರುತ್ತಾರೆ. ಮೆಕ್ಯಾನಿಕ್ ಆಯಿಲ್ ಬದಲಾಯಿಸುತ್ತಾನೆ, ಸ್ವಲ್ಪ ದಿನದಲ್ಲಿ ಗೇರ್‌ಬಾಕ್ಸ್ ಕೈಕೊಡುತ್ತೆ, ಹೊಸ ಆಯಿಲ್ ತಲೆಗೆ ಅಪವಾದ ಬರುತ್ತೆ. ಅದು ಮೊದಲೇ ಹೋಗಿದ್ದ ಗೇರ್‌ಬಾಕ್ಸ್. ಹಾಗಂತ ಮೆಕ್ಯಾನಿಕ್‌ಗಳ ಭಯ ಪೂರ್ತಿ ಸುಳ್ಳೂ ಅಲ್ಲ. ಕ್ಲಚ್ ಪ್ಲೇಟುಗಳು ತುಂಬಾ ಸವೆದಿದ್ದರೆ ಹಳೇ ಆಯಿಲಿನಲ್ಲಿ ತೇಲುವ ಅವುಗಳದ್ದೇ ಪುಡಿ ಒಂದಿಷ್ಟು ಹಿಡಿತ ಕೊಡುತ್ತಿರಬಹುದು. ಹೊಸ ಆಯಿಲ್ ಬಂದಾಗ ಆ ಪುಡಿ ಹೋಗುತ್ತೆ. ಜತೆಗೆ ಒಳಗೆ ಅಂಟಿಕೊಂಡಿದ್ದ ಜಿಡ್ಡು ಬಿಟ್ಟುಕೊಂಡು ಆಯಿಲನ್ನು ಬೇಕಾದ ಕಡೆ ಹರಿಸುವ ವಾಲ್ವ್ ಬಾಡಿಯ ಸಣ್ಣ ಸಣ್ಣ ದಾರಿಗಳಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ಆದರೆ ಇದು ಸವೆದು ಹೋದ ಗೇರ್‌ಬಾಕ್ಸಿನ ಕತೆ. ಚೆನ್ನಾಗಿ ಓಡುತ್ತಿರುವ ಹಳೇ ಗಾಡಿಗೂ ಇದನ್ನೇ ಹೇಳಿದರೆ ಹೇಗೆ?

ಮ್ಯಾನುಯಲ್ ಗಾಡಿಯ ಗೇರ್ ಆಯಿಲಿಗೆ ಹಲ್ಲುಗಳು ಸವೆಯದಂತೆ ನೋಡಿಕೊಳ್ಳೋದೇ ಮುಖ್ಯ ಕೆಲಸ. ಟಾರ್ಕ್ ಕನ್ವರ್ಟರ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ, ಆಯಿಲ್ ತುಂಬಿದ ಜೋಡಣೆ) ಇರುವ ಆಟೊಮ್ಯಾಟಿಕ್‌ನಲ್ಲಿ ಹಾಗಲ್ಲ. ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ದಾಟೋದು ಆಯಿಲ್ ಮೂಲಕ, ಕ್ಲಚ್‌ಗಳನ್ನು ಒತ್ತಿ ಹಿಡಿಯೋದು ಆಯಿಲಿನ ಒತ್ತಡ, ಬಿಸಿಯನ್ನು ಹೊರಗೆ ಸಾಗಿಸೋದೂ ಆಯಿಲ್. ಕನ್ವರ್ಟರಿನ ಎರಡೂ ಬದಿ ಒಟ್ಟಿಗೆ ತಿರುಗುವಂತೆ ಲಾಕ್ ಆಗದೆ, ಗಾಡಿ ತೆವಳುತ್ತಾ ಹೋಗುವಾಗ ಆ ಆಯಿಲ್ ಒಳಗೇ ಕಡೆದುಕೊಂಡು ಕಾಯುತ್ತೆ. ಬೆಂಗಳೂರಿನ ಸಿಲ್ಕ್ ಬೋರ್ಡ್, ಹೆಬ್ಬಾಳದ ಕಡೆ ದಿನಾ ಓಡಾಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಕಾರಿನ ಜತೆ ಬರುವ ಪುಸ್ತಕದಲ್ಲಿ ಕಠಿಣ ಬಳಕೆಗೆ ಅಂತ ಬೇರೆ ಸರ್ವೀಸ್ ಪಟ್ಟಿ ಇದ್ದರೆ ಅದನ್ನು ಓದಿ ನೋಡಿ. ಟ್ರಾಫಿಕ್ಕು, ಘಾಟಿ, ಧೂಳು, ಭಾರ ಇವನ್ನೆಲ್ಲ ಅದರಲ್ಲೇ ಸೇರಿಸಿರುತ್ತಾರೆ. ನಮ್ಮಲ್ಲಿ ಅದರಿಂದ ಹೊರಗುಳಿಯುವ ಕಾರು ಯಾವುದು ಹೇಳಿ?

ಇನ್ನೊಂದು ವಾದ ‘ಲೈಫ್‌ಟೈಮ್ ಆಯಿಲ್, ಬದಲಾಯಿಸೋದೇ ಬೇಡ’ ಅನ್ನೋದು. ಯಾರ ಲೈಫು ಅಂತ ಮಾತ್ರ ಯಾರೂ ಹೇಳಲ್ಲ. ಬಿಎಂಡಬ್ಲ್ಯುವಿನಂಥ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜಡ್‌ಎಫ್ ಕಂಪನಿಯೇ, ಓಡಿಸುವ ರೀತಿ ನೋಡಿಕೊಂಡು 80,000ದಿಂದ 1,20,000 ಕಿಲೋಮೀಟರಿಗೆ ಅಥವಾ 8 ವರ್ಷಕ್ಕೆ ಆಯಿಲ್ ಬದಲಾಯಿಸಿ ಅನ್ನುತ್ತೆ. ಗೇರ್‌ಬಾಕ್ಸ್ ಮಾಡಿದವರ ಮಾತು ನಂಬೋಣವೋ, ವಾರಂಟಿ ಮುಗಿಯುವವರೆಗೆ ಮಾತ್ರ ತಲೆಕೆಡಿಸಿಕೊಳ್ಳುವವರ ಮಾತೋ? ನಮ್ಮಲ್ಲಿ ಸ್ವಂತ ಕಾರಿಗೆ 15 ವರ್ಷದ ನೋಂದಣಿ, ಆಮೇಲೂ ನವೀಕರಿಸಿಕೊಂಡು ಓಡಿಸುವವರು ಎಷ್ಟೋ ಜನ ಇದ್ದಾರೆ.

ಹಾಗಾದರೆ ಏನು ಮಾಡಬೇಕು? ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇದ್ದರೆ ಮೊದಲು ಅದನ್ನು ಎಳೆದು ನೋಡಿ. ಹೆಚ್ಚಿನ ಆಟೊಮ್ಯಾಟಿಕ್ ಆಯಿಲ್ ಹೊಸದರಲ್ಲಿ ಕೆಂಪಗಿರುತ್ತೆ, ಓಡಿದ ಹಾಗೆ ಕಂದು ಆಗುತ್ತೆ. ಅಷ್ಟಕ್ಕೇ ಹೆದರಬೇಕಿಲ್ಲ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಮಾತ್ರ ಯೋಚನೆ ಮಾಡಬೇಕು. ಗಾಡಿ ಚೆನ್ನಾಗಿ ಓಡುತ್ತಿದ್ದು, ಹಳೇ ಮಾಲೀಕ ಆಯಿಲ್ ಹಾಕಿಸಿದ್ದನೋ ಇಲ್ಲವೋ ಗೊತ್ತಿಲ್ಲ ಅಂದರೆ, ಬದಲಾಯಿಸಿ ಅನ್ನೋದು ನನ್ನ ಅಭಿಪ್ರಾಯ. ಆದರೆ ಮೆಷಿನ್ ಹಾಕಿ ಒಂದೇ ಸಲಕ್ಕೆ ಎಲ್ಲಾ ತೊಳೆಯೋದು ಬೇಡ. ಡ್ರೈನ್ ಬೋಲ್ಟ್ ಬಿಚ್ಚಿ ಬಂದಷ್ಟು ಇಳಿಸಿ, ಇಳಿದಷ್ಟೇ ತುಂಬಿಸಿ. ಹೀಗೆ ಮಾಡಿದರೆ ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಮಾತ್ರ ಹೊಸದಾಗುತ್ತೆ, ಉಳಿದದ್ದು ಕನ್ವರ್ಟರ್ ಒಳಗೇ ಇರುತ್ತೆ. ಹಳೇ ಗಾಡಿಗೆ ಅದೇ ಒಳ್ಳೇದು. ಕೆಲವು ಸಾವಿರ ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಮಾಡಿ. ಚೇಂಬರ್ (ಗೇರ್‌ಬಾಕ್ಸಿನ ಕೆಳಗಿನ ಆಯಿಲ್ ತಟ್ಟೆ) ಬಿಚ್ಚುವ ಹಾಗಿದ್ದರೆ ಫಿಲ್ಟರ್ ಬದಲಾಯಿಸಿ, ಒಳಗಿನ ಅಯಸ್ಕಾಂತ ಒರೆಸಿ. ಅದರ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಅದು ಸಾಮಾನ್ಯ ಸವೆತ, ಲೋಹದ ಚೂರುಗಳಿದ್ದರೆ ಒಳಗೆ ಏನೋ ಒಡೆದಿದೆ ಅಂತಲೇ ಅರ್ಥ.

ಈಗಾಗಲೇ ಸ್ಲಿಪ್ ಆಗುತ್ತಿದ್ದರೆ, ಅಂದರೆ ಎಂಜಿನ್ ಕೂಗಿದರೂ ಗಾಡಿ ಮುಂದೆ ಹೋಗದಿದ್ದರೆ, ಆಯಿಲಿಗೆ ದುಡ್ಡು ಸುರಿಯೋ ಮುಂಚೆ ಮಟ್ಟ ನೋಡಿಸಿ. ಎಲ್ಲೋ ಸೀಲ್ ಸೋರಿ ಆಯಿಲ್ ಕಡಿಮೆಯಾಗಿದ್ದರೂ ಹಾಗಾಗುತ್ತೆ, ಅದು ಸಣ್ಣ ಖರ್ಚಲ್ಲೇ ಮುಗಿಯಬಹುದು. ಮಟ್ಟ ಸರಿ ಇದ್ದರೆ ಗೇರ್‌ಬಾಕ್ಸನ್ನು ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿಸಿ. ಸವೆದ ಕ್ಲಚ್ ಪ್ಲೇಟನ್ನು ಯಾವ ಆಯಿಲೂ ಮತ್ತೆ ಬೆಳೆಸಲ್ಲ.

ಹಳೇ ಆಯಿಲಿಗಿಂತ ನನಗೆ ಜಾಸ್ತಿ ಭಯ ತಪ್ಪು ಆಯಿಲಿನದು. ಕೆಂಪಗಿದ್ದರೆ ಎಲ್ಲಾ ಒಂದೇ ಅಂದುಕೊಂಡು ಸಿವಿಟಿಗೂ (ಹಲ್ಲಿನ ಗೇರುಗಳ ಬದಲು ಬೆಲ್ಟು, ರಾಟೆಗಳಿಂದ ನಡೆಯುವ ಆಟೊಮ್ಯಾಟಿಕ್) ಡಬ್ಬದಲ್ಲಿದ್ದದ್ದನ್ನೇ ಸುರಿಯಲು ಹೊರಟ ಗ್ಯಾರೇಜ್ ನೋಡಿದ್ದೇನೆ. ಸಿವಿಟಿಯಲ್ಲಿ ಉಕ್ಕಿನ ಬೆಲ್ಟ್ ರಾಟೆಯ ಮೇಲೆ ಜಾರದೆ ಹಿಡಿದು ನಿಲ್ಲಬೇಕು, ಅದಕ್ಕೆ ತಕ್ಕ ಹಾಗೆ ಮಾಡಿದ ಆಯಿಲೇ ಬೇಕು. ಹೊಂಡಾದ ಈಚಿನ ಸಿವಿಟಿಗಳಿಗೆ ಎಚ್‌ಸಿಎಫ್-2 ಅನ್ನೋ ಆಯಿಲ್, ನಿಸಾನ್‌ನ ಸಿವಿಟಿಗೆ ಎನ್‌ಎಸ್-2 ಅಥವಾ ಎನ್‌ಎಸ್-3, ಮಾಡೆಲ್ ನೋಡಿ. ಹೊಂಡಾದ್ದೇ ಮಾಮೂಲಿ ಆಟೊಮ್ಯಾಟಿಕ್‌ಗೆ ಡಿಡಬ್ಲ್ಯು-1, ಟೊಯೋಟಾದ ಎಷ್ಟೋ ಗಾಡಿಗಳಿಗೆ ಡಬ್ಲ್ಯುಎಸ್. 2014ರಲ್ಲಿ ಮಾರುತಿ ಸೆಲೆರಿಯೊ ಜತೆ ಬಂದ ಎಎಂಟಿಯದ್ದು ಬೇರೆಯೇ ಲೆಕ್ಕ, ಅದು ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಯಂತ್ರಕ್ಕೆ ಕೊಟ್ಟ ಮ್ಯಾನುಯಲ್ ಗೇರ್‌ಬಾಕ್ಸ್. ಎಲ್ಲವನ್ನೂ ‘ಆಟೊಮ್ಯಾಟಿಕ್’ ಅಂತ ಒಂದೇ ಬುಟ್ಟಿಗೆ ಹಾಕಿ ಉತ್ತರ ಕೊಟ್ಟರೆ ಯಾರಿಗೂ ಉಪಯೋಗವಿಲ್ಲ.

ಮಟ್ಟ ನೋಡುವ ರೀತಿಯೂ ಗಾಡಿಯಿಂದ ಗಾಡಿಗೆ ಬೇರೆ. ಕೆಲವಕ್ಕೆ ಎಂಜಿನ್ ಚಾಲೂ ಇರಬೇಕು, ಕೆಲವಕ್ಕೆ ಆಫ್ ಮಾಡಿರಬೇಕು, ಡಿಪ್‌ಸ್ಟಿಕ್ಕೇ ಇಲ್ಲದವಕ್ಕೆ ಆಯಿಲ್ ನಿಗದಿತ ಬಿಸಿಗೆ ಬಂದಾಗ ಕೆಳಗಿನ ಪ್ಲಗ್ ಬಿಚ್ಚಿ ನೋಡಬೇಕು. ಜಾಸ್ತಿ ತುಂಬಿಸಿದರೂ ನೊರೆ ಬಂದು ತೊಂದರೆಯೇ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮುಂದೆ ಇಂಥ ಪ್ರಶ್ನೆ ಬಂದಾಗ ಗಾಡಿಯ ಗೇರ್‌ಬಾಕ್ಸ್ ಯಾವ ಬಗೆಯದು, ಎಷ್ಟು ಓಡಿದೆ, ಗೇರ್ ಹೇಗೆ ಬೀಳುತ್ತಿದೆ ಅಂತ ಕೇಳಿ ತಿಳಿದುಕೊಂಡೇ ಉತ್ತರ ಹಾಕಿ. ಓದುಗರೂ ಗ್ಯಾರೇಜಿನ ಬಿಲ್ಲಿನಲ್ಲಿ ಬರೀ ‘ಗೇರ್ ಆಯಿಲ್’ ಅಂತ ಬರೆಸಿಕೊಂಡು ಬರಬೇಡಿ. ಆಯಿಲಿನ ಪೂರ್ತಿ ಹೆಸರು, ಎಷ್ಟು ಲೀಟರ್, ಆಗ ಮೀಟರಿನಲ್ಲಿದ್ದ ಕಿಲೋಮೀಟರ್, ಮೂರನ್ನೂ ಕೇಳಿ ಬರೆಸಿಕೊಳ್ಳಿ. ನಾಳೆ ಆ ಕಾರನ್ನು ಕೊಳ್ಳುವವರಿಗೆ ಕಾಗದ ನೋಡಿದರೆ ಗೊತ್ತಾಗುತ್ತೆ, ಊಹೆ ಮಾಡುತ್ತಾ ಕೂರಬೇಕಿಲ್ಲ.

ಇತಿ,
ಹಳೇ ಆಟೊಮ್ಯಾಟಿಕ್ ಕಾರಿನ ಮಾಲೀಕ, ಶಿವಮೊಗ್ಗ