ದಾರಿ ಕಾಯುವ ಅಜ್ಜಿಯ ಬಗ್ಗೆ ನೀನು ಬರೆದದ್ದಕ್ಕೆ

ಪ್ರೀತಿಯ ಮಗಳೇ,

ನಿನ್ನ ಪತ್ರ ಬಂತು. ಉಳಿದದ್ದೆಲ್ಲ ಬಿಡು, ಅದನ್ನು ನಿಮ್ಮವ್ವ ಫೋನಿನಲ್ಲಿ ಹೇಳಿದ್ದಾಳೆ. ಆದರೆ ಚರ್ಚಿನ ಸೇವೆ ಅಂತ ನೀನು ವಾರವಾರ ಹೋಗಿ ನೋಡಿಬರುವ ಹಳೇ ಹುಬ್ಬಳ್ಳಿಯ ಆ ಅಜ್ಜಿ ಬಗ್ಗೆ ಕಡೆಗೆ ಬರೆದಿದ್ದೀಯಲ್ಲ, "ಅಜ್ಜಿ ಶನಿವಾರ ಬೆಳಿಗ್ಗೆಯಿಂದಲೇ ಕಟ್ಟೆ ಮೇಲೆ ಕೂತು ನನ್ನ ದಾರಿ ಕಾಯ್ತಾಳೆ, ನನಗೆ ಅದೇ ಹೆದರಿಕೆ ದೊಡ್ಡವ್ವಾ, ಈಗಲೇ ಬಿಟ್ಟುಬಿಟ್ಟರೆ ಒಳ್ಳೇದಲ್ವಾ" ಅಂತ. ಅದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಫೋನ್ ಮಾಡಿದರೆ ನೀನು ಹೂಂ ಹೂಂ ಅಂತ ಮುಗಿಸುತ್ತೀಯ. ಅದಕ್ಕೇ ಬರೆಯಲು ಕೂತೆ.

ಓದು ಜಾಸ್ತಿಯಾಯಿತು, ಧಾರವಾಡದಿಂದ ಹಳೇ ಹುಬ್ಬಳ್ಳಿಗೆ ಓಡಾಡಿ ಸಾಕಾಯಿತು ಅಂದಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಸಭೆಯಲ್ಲಿ ಸೇವೆಗೆ ಹೆಸರು ಕೊಟ್ಟು ಮಳೆಗಾಲ ಬರುವಷ್ಟರಲ್ಲಿ ಬಿಡುವ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ. ಅವರೂ ಒಳ್ಳೆಯವರೇ. ಆದರೆ ನೀನು ಬಿಡಬೇಕು ಅಂತಿರುವುದು ಆ ಮುದುಕಿಗೆ ನೀನು ಬೇಕಾಗಿಬಿಟ್ಟಿದ್ದೀಯ ಅನ್ನುವ ಕಾರಣಕ್ಕೆ. ಜೂನ್‌ನಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಅವಳ ಗತಿ ಏನು ಅಂತ ಈಗಲೇ ಕೈ ಬಿಡೋದಾ? ಇದು ನನಗೆ ಅರ್ಥವಾಗುತ್ತದೆ, ಅದಕ್ಕೇ ಜಾಸ್ತಿ ಕಷ್ಟವಾಗುತ್ತಿದೆ.

ನನ್ನ ದಾರಿಯನ್ನೂ ಒಬ್ಬರು ಕಾಯುತ್ತಿದ್ದರು. ನಿಮ್ಮವ್ವನಿಗೆ ಗೊತ್ತಿಲ್ಲ, ಅವಳು ಆಗ ತೀರಾ ಸಣ್ಣವಳು. ಇಲ್ಲೇ ಬೆಟಗೇರಿಯಲ್ಲಿ ಒಬ್ಬ ನೇಕಾರ ಅಜ್ಜ. ಕಣ್ಣು ಹೋಗಿತ್ತು. ಮಗ ಇಚಲಕರಂಜಿಗೆ ಪವರ್‌ಲೂಮ್ ಕೆಲಸಕ್ಕೆ ಹೋದವನು, ಅಲ್ಲಿಂದ ಕಾರ್ಡು ಬರೆಯುತ್ತಿದ್ದ. ಸೊಸೆಗೆ ಓದು ಬರುತ್ತಿರಲಿಲ್ಲ. ರವಿವಾರ ಆರಾಧನೆ ಮುಗಿದ ಮೇಲೆ ನಮ್ಮ ಸಂಡೇ ಸ್ಕೂಲ್ ಟೀಚರು ನಮ್ಮನ್ನು ಇಂಥ ಮನೆಗಳಿಗೆ ಕಳಿಸುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಆ ಮನೆ. ನಾನು ಮಾಡಿದ್ದು ದೊಡ್ಡದೇನಲ್ಲ, ಕಾರ್ಡು ಓದಿ ಹೇಳುವುದು, ಅವನು ಹೇಳಿದ್ದನ್ನು ಬರೆಯುವುದು. ಹೊಸ ಕಾರ್ಡು ಬರದ ವಾರ ಹಳೆಯದನ್ನೇ ಓದಿಸುತ್ತಿದ್ದ. ಅವನ ಗುಂಡಿ ಮಗ್ಗ ಸುಮ್ಮನೆ ಬಿದ್ದಿತ್ತು. ಅವನು ಅದರ ಅಂಚಿನ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದ, ಕೈಯಲ್ಲಿ ಒಂದು ಲಾಳಿ. ನಾನು ಓದುವಾಗ ಅದನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದ. ಎಷ್ಟೋ ವರ್ಷ ಹಿಡಿದು ಹಿಡಿದು ಅದರ ಕಟ್ಟಿಗೆ ಎಣ್ಣೆ ಹಚ್ಚಿದಂತೆ ನುಣ್ಣಗಾಗಿತ್ತು.

ಆಮೇಲೆ ನನ್ನ ಮದುವೆ ಗೊತ್ತಾಯಿತು, ಹಾವೇರಿಗೆ ಹೋದೆ. ಆ ಗಡಿಬಿಡಿಯಲ್ಲಿ ಅಜ್ಜನಿಗೆ ಹೇಳಿ ಬರಲು ಆಗಲಿಲ್ಲ. ಯಾರಾದರೂ ಹೇಳಿರುತ್ತಾರೆ ಅಂತ ನಾನಂದುಕೊಂಡೆ, ಯಾರೂ ಹೇಳಿರಲಿಲ್ಲ. ಇದು ಇವತ್ತಿಗೂ ಚುಚ್ಚುತ್ತದೆ. ಹೋದದ್ದು ಚುಚ್ಚುವುದಿಲ್ಲ ಮಗಳೇ, ಹೋಗಲೇಬೇಕಿತ್ತು. ಹೇಳದೇ ಹೋದದ್ದು.

ಎಷ್ಟೋ ವರ್ಷದ ಮೇಲೆ ಗದಗಿನ ಸಂತೆಯಲ್ಲಿ ಅವನ ಸೊಸೆ ಸಿಕ್ಕಳು. ಅಜ್ಜ ತೀರಿಕೊಂಡಿದ್ದ. ಬೈಯುತ್ತಾಳೆ ಅಂದುಕೊಂಡು ನಿಂತೆ. ಅವಳು ನನ್ನ ಕೈ ಹಿಡಿದುಕೊಂಡು, "ನೀವು ಬರ್ತೀರಂತ ನಮ್ಮ ಮಾವ ರವಿವಾರಕ್ಕೊಮ್ಮೆ ಗಡ್ಡ ಮಾಡಿಸ್ಕೊಂಡು, ಒಗದ ಅಂಗಿ ಹಾಕ್ಕೊಂಡು ಕೂಡ್ತಿದ್ರು. ನೀವು ಹೋದ ಮ್ಯಾಲೂ ಅದನ್ನ ಬಿಡಲಿಲ್ಲ ನೋಡ್ರಿ" ಅಂದಳು. ಸಂತೋಷದಿಂದಲೇ ಅಂದಳು. ಅದನ್ನು ಕೇಳಿ ನನಗೆ ಸಮಾಧಾನವಾಯಿತೋ ಸಂಕಟವಾಯಿತೋ ಇನ್ನೂ ತಿಳಿದಿಲ್ಲ. ಎರಡೂ ಇರಬೇಕು. ಆದರೆ ನಿನ್ನ ಪತ್ರ ಓದಿದ ಮೇಲೆ ಒಂದು ಹೊಳೆಯಿತು. ಆ ಅಜ್ಜನಿಗೆ ಒಂದು ರವಿವಾರ ಅಂತ ಇತ್ತು. ನಿನ್ನ ಅಜ್ಜಿಗೆ ಒಂದು ಶನಿವಾರ ಇದೆ. ಅವಳು ಅವತ್ತು ತಲೆ ಬಾಚಿಕೊಂಡು, ಹೊಸ ಸೀರೆ ಉಟ್ಟು ಕೂತಿರುತ್ತಾಳೆ ಅಂತ ನೀನೇ ಬರೆದಿದ್ದೀಯ. ಕಾಯುವುದು ಬರೀ ನೋವು ಅಂತ ಯಾಕೆ ತಿಳಿದುಕೊಂಡೆ?

ಆದರೂ ನಿನ್ನ ಹೆದರಿಕೆ ಸುಳ್ಳಲ್ಲ. ಕಾಯುವವರು ಇದ್ದಾರೆ ಅಂದರೆ ಒಂದು ದಿನ ಹೋಗದಿದ್ದವರೂ ನಾವೇ ಆಗುತ್ತೇವೆ. ಇದರಿಂದ ತಪ್ಪಿಸಿಕೊಳ್ಳುವ ದಾರಿ ನನಗೆ ಗೊತ್ತಿಲ್ಲ.

ನಮ್ಮ ಊರಿನ ಜರ್ಮನ್ ದವಾಖಾನೆ ಮುಂದೆ ಹಾಯುವಾಗಲೂ ಈಗ ಇದೇ ಯೋಚನೆ. ಅದನ್ನು ಕಟ್ಟಿದ ಬಾಸೆಲ್ ಮಿಷನ್ನಿನವರು, ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನ್ನಿನವರು, ಧಾರವಾಡಕ್ಕೆ ಬಂದದ್ದು 1837ರಲ್ಲಿ, ಬೆಟಗೇರಿಗೆ 1841ರಲ್ಲಿ. 1914ರಲ್ಲಿ ಯುದ್ಧ ಶುರುವಾದಾಗ ಅವರಲ್ಲಿದ್ದ ಜರ್ಮನ್ನರನ್ನು ಬ್ರಿಟಿಷ್ ಸರ್ಕಾರ ಹಿಡಿದು ಕೂಡಿಟ್ಟಿತು, ಆಮೇಲೆ ದೇಶ ಬಿಡಿಸಿತು. ಎಷ್ಟು ಶಾಲೆಗಳ ಮಕ್ಕಳು, ಎಷ್ಟು ಓಣಿಗಳ ಮುದುಕರು ಅವರ ದಾರಿ ಕಾದರೋ. ಆದರೂ ಬಾಗಿಲು ಮುಚ್ಚಲಿಲ್ಲ, ಅವರ ಪಕ್ಕದಲ್ಲಿದ್ದು ಕೆಲಸ ಕಲಿತ ಊರಿನವರು ಇದ್ದರು. ಎಲ್ಲಿಂದ ಎಲ್ಲಿಗೋ ಹೋದೆ ಅಂತೀಯೇನೋ. ನನಗೆ ಮಾತ್ರ ನಿನ್ನ ಅಜ್ಜಿಯ ಕಟ್ಟೆಯೇ ಕಣ್ಣ ಮುಂದೆ ಇದೆ. ಒಬ್ಬಳೇ ಹೋಗುತ್ತಿದ್ದೀಯಲ್ಲ, ಅದೇ ತೊಡಕು ಅನ್ನಿಸುತ್ತದೆ.

ನಮ್ಮ ಮನೆ ಪಕ್ಕ ಕ್ಯಾಥೊಲಿಕ್‌ ಮನೆಯವರಿದ್ದಾರೆ, ವಿನ್ಸೆಂಟ್ ಡಿ ಪಾಲ್ ಸಂಘದವರು. ಬಡವರ ಮನೆಗೆ ಅವರು ಯಾವಾಗಲೂ ಇಬ್ಬಿಬ್ಬರಾಗಿ ಹೋಗುತ್ತಾರೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಆ ಸಂಘ ಕಟ್ಟಿದ ಹುಡುಗರಲ್ಲಿ ಫ್ರೆಡೆರಿಕ್ ಓಜನಾಮ್ ಅನ್ನುವವನಿಗೆ ಆಗ 20 ವರ್ಷ, ನಿನ್ನದೇ ವಯಸ್ಸು. ಯೇಸುಸ್ವಾಮಿಯೂ ಹನ್ನೆರಡು ಮಂದಿಯನ್ನು ಇಬ್ಬಿಬ್ಬರನ್ನಾಗಿಯೇ ಕಳಿಸಿದ್ದಲ್ವಾ, ಮಾರ್ಕನ ಆರನೇ ಅಧ್ಯಾಯದಲ್ಲಿದೆ. ನಾನು ಚಿಕ್ಕಂದಿನಿಂದ ಅದನ್ನು ಕೇಳಿದ್ದೇನೆ, ದಾರಿಯಲ್ಲಿ ಜೊತೆ ಇರಲಿ ಅಂತ ತಿಳಿದಿದ್ದೆ. ಒಬ್ಬರು ಬಿಟ್ಟುಹೋದರೆ ಇನ್ನೊಬ್ಬರು ಇರಲಿ ಅಂತಲೂ ಇರಬಹುದು. ಯುವಜನ ಕೂಟದಲ್ಲಿ ನಿನಗಿಂತ ಸಣ್ಣ ಹುಡುಗಿ ಯಾರಾದರೂ ಇದ್ದರೆ ಈ ಶನಿವಾರದಿಂದಲೇ ಕರೆದುಕೊಂಡು ಹೋಗು. ಮೊದಮೊದಲು ಅಜ್ಜಿ ಅವಳ ಮುಖ ನೋಡಲಿಕ್ಕಿಲ್ಲ. ನೋಡದಿದ್ದರೂ ಕರೆದುಕೊಂಡು ಹೋಗು.

ಇನ್ನೊಂದು, ಹೇಳಬಾರದೋ ಏನೋ, ನೀನು ಅಲ್ಲಿ ಇರುವವಳು, ನಾನು ಇಲ್ಲಿಂದ ಬರೆಯುವವಳು. ಜೂನ್‌ನಲ್ಲಿ ಹೋಗಬೇಕಾಗಬಹುದು ಅಂತ ಅಜ್ಜಿಗೆ ಈಗಲೇ ಹೇಳು. ಅಳುತ್ತಾಳೆ. ಅಳಲಿ. ನನ್ನ ಅಜ್ಜನಿಗೆ ಅಳಲಿಕ್ಕೂ ನಾನು ಅವಕಾಶ ಕೊಡಲಿಲ್ಲ.

ಅವಳಿಗೆ ಪಿಂಚಣಿ ಬರುತ್ತದೋ ಇಲ್ಲವೋ ನೀನು ಬರೆದಿಲ್ಲ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಇದೆ, ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು, ಆಧಾರು ಬ್ಯಾಂಕ್ ಪಾಸ್‌ಬುಕ್ಕು ನೀನೇ ಹಿಡಿದುಕೊಂಡು ಅವಳ ಜೊತೆ ಹೋಗು. ಆ ಓಣಿಯ ಆಶಾ ಕಾರ್ಯಕರ್ತೆ ಯಾರು ಅಂತ ವಿಚಾರಿಸಿ ಅವರ ಪರಿಚಯ ಮಾಡಿಸು. ಹಿರಿಯರ ಸಹಾಯವಾಣಿ 14567 ಇದೆ, ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡು. ಇದೆಲ್ಲ ನಿನ್ನ ಬದಲಿಗಲ್ಲ. ನಿನ್ನ ಬದಲಿಗೆ ಏನೂ ಆಗುವುದಿಲ್ಲ ಅಂತ ನನಗೂ ಗೊತ್ತು. ಬಿಪಿ ಮಾತ್ರೆ ತಪ್ಪಿದ ದಿನ ಕೇಳುವವರು ಒಬ್ಬರಾದರೂ ಇರಲಿ ಅಂತ ಅಷ್ಟೇ.

ಅಜ್ಜಿಯ ಮನೆಯಲ್ಲಿ ಪ್ರಾರ್ಥನೆ ಮಾಡಲೋ ಬೇಡವೋ ಅಂತ ನೀನು ಕೇಳಿದ್ದೀಯ. ಅವಳು ಕೇಳಿದರೆ ಮಾಡು. ಇಲ್ಲದಿದ್ದರೆ ಅವಳ ಜಗುಲಿಯ ದೇವರು ಅವಳಿಗಿದ್ದಾನೆ, ಆ ದೀಪಕ್ಕೆ ಎಣ್ಣೆ ಇದೆಯೋ ಇಲ್ಲವೋ ನೋಡಿ ಬಾ. ಚರ್ಚಿನ ಸಭಾಪಾಲಕರು ಇದಕ್ಕೆ ಬೇಜಾರಾಗುವವರಲ್ಲ. ಬೇಜಾರಾದರೆ ನಾನೇ ಮಾತಾಡುತ್ತೇನೆ.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಜೂನ್ ಇನ್ನೂ ದೂರ ಇದೆ. ಅಲ್ಲಿಯವರೆಗಿನ ಶನಿವಾರಗಳನ್ನು ಈಗಲೇ ಅವಳಿಂದ ಕಿತ್ತುಕೊಳ್ಳಬೇಡ. ಹೋದ ಮೇಲೂ ತಿಂಗಳಿಗೊಂದು ಕಾರ್ಡು ಬರಿ, ಓದಿ ಹೇಳಲು ಆ ಸಣ್ಣ ಹುಡುಗಿ ಇರುತ್ತಾಳಲ್ಲ.

ಅಜ್ಜಿಗೆ ಹೇಳಿದ ಮೇಲೆ ಅವಳು ಏನಂದಳು ಅಂತ ನನಗೆ ತಿಳಿಸು. ಫೋನ್ ಬೇಡ, ಬರೆದೇ ತಿಳಿಸು.

ನಿನ್ನ
ದೊಡ್ಡವ್ವ
ಬೆಟಗೇರಿ