ನಿನ್ನ ಕೈಯ ಮೂಳೆ ಬಿಡಿಬಿಡಿ ಆಗಿಲ್ಲ ಪುಟ್ಟಿ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಅಳುತ್ತಾ ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಹೇಳಲಿಲ್ಲ. ಆಸ್ಪತ್ರೆಯ ಎಕ್ಸ್‌ರೇ ರೂಮಿನಲ್ಲಿ ನೈಟ್ ಡ್ಯೂಟಿ. ಬಾಗಿಲ ಹೊರಗೆ ಸ್ಟ್ರೆಚರ್ ಮೇಲೆ ಒಬ್ಬರು ಕಾಯುತ್ತಿದ್ದರು. "ಏನೂ ಆಗಿಲ್ಲ, ಮಲಗು" ಅಂದು ಫೋನ್ ಇಟ್ಟುಬಿಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ. ಅಮ್ಮನ ಪಕ್ಕ ಕೂತು, ಎಕ್ಸ್‌ರೇ ಎದುರಿಗೆ ಇಟ್ಟುಕೊಂಡು ಇದನ್ನು ಓದು.

"ಅಪ್ಪಾ, ನನ್ನ ಮೂಳೆ ಒಂದಕ್ಕೊಂದು ಅಂಟಿಕೊಂಡೇ ಇಲ್ಲ" ಅಂದೆ ಅಲ್ವಾ? ನೀನು ನೋಡಿದ್ದು ನಿಜ. ಆದರೆ ಅದು ಮುರಿದದ್ದಲ್ಲ.

ಎಕ್ಸ್‌ರೇ ಅಂದರೆ ಒಂದು ಥರದ ನೆರಳು. ಕಿರಣ ಕೈಯನ್ನು ದಾಟಿ ಕೆಳಗಿನ ಪ್ಲೇಟಿಗೆ ಬೀಳುತ್ತದೆ. ಸಲೀಸಾಗಿ ದಾಟಿದ ಕಡೆ ಕಪ್ಪು, ತಡೆದ ಕಡೆ ಬಿಳಿ. ಕೈ ಸುತ್ತ ಬರೀ ಗಾಳಿ, ಅದಕ್ಕೇ ಕಡುಕಪ್ಪು. ಮಾಂಸ ಸ್ವಲ್ಪ ತಡೆಯುತ್ತದೆ, ಅದು ಬೂದು ಬಣ್ಣ. ಮೂಳೆಯಲ್ಲಿ ಕ್ಯಾಲ್ಸಿಯಂ ಇದೆ, ಅದು ಜಾಸ್ತಿ ತಡೆಯುತ್ತದೆ. ಲೋಹವಂತೂ ಮೂಳೆಗಿಂತ ಬಿಳಿ. ಬಳೆ ತೆಗಿ ಅಂದಾಗ ನೀನು ಹಟ ಮಾಡಿದೆಯಂತೆ. ತೆಗೆಯದಿದ್ದರೆ ಅದರ ಬಿಳಿ ಗೆರೆ ಮಣಿಕಟ್ಟಿನ ಮೇಲೇ ಬಿದ್ದು, ಪೆಟ್ಟಾದ ಜಾಗ ಮುಚ್ಚಿಹೋಗುತ್ತಿತ್ತು.

ಈಗ ಹೆಬ್ಬೆರಳಿನ ಕಡೆಯ ಉದ್ದ ಮೂಳೆ ನೋಡು. ಅದರ ಹೆಸರು ರೇಡಿಯಸ್. ಕಿರುಬೆರಳಿನ ಕಡೆಯದು ಅಲ್ನಾ. ರೇಡಿಯಸ್ ಮಣಿಕಟ್ಟಿನ ಹತ್ತಿರ ಬಂದು ನಿಲ್ಲುತ್ತದೆ. ಅಲ್ಲೊಂದು ಕಪ್ಪು ಗೆರೆ. ಗೆರೆ ದಾಟಿದರೆ ಚಪ್ಪಟೆ ಬಿಲ್ಲೆಯಂಥ ಇನ್ನೊಂದು ತುಂಡು. ನೀನು ಹೆದರಿದ್ದು ಇದಕ್ಕೇ ತಾನೇ? ಆ ಗೆರೆ ಖಾಲಿ ಜಾಗ ಅಲ್ಲ. ನಿನ್ನ ಕಿವಿ ಮಡಚಿ ನೋಡು, ಒಳಗೆ ಬಾಗುವ ಗಟ್ಟಿ ಪದಾರ್ಥ ಸಿಗುತ್ತದಲ್ಲ, ಹೆಚ್ಚು ಕಡಿಮೆ ಅಂಥದ್ದೇ ಅಲ್ಲಿ ತುಂಬಿದೆ. ಅದರಲ್ಲಿ ಇನ್ನೂ ಕ್ಯಾಲ್ಸಿಯಂ ಕೂತಿಲ್ಲ, ಹಾಗಾಗಿ ಎಕ್ಸ್‌ರೇಗೆ ಕಾಣುವುದಿಲ್ಲ. ಅದನ್ನು ಗ್ರೋತ್ ಪ್ಲೇಟ್ ಅನ್ನುತ್ತಾರೆ. ನಿನ್ನ ಮೂಳೆ ಉದ್ದ ಬೆಳೆಯುವುದು ಅಲ್ಲೇ. ಹೋದ ವರ್ಷದ ಫ್ರಾಕಿನ ತೋಳು ಈಗ ಗಿಡ್ಡ ಆಗಿದೆಯಲ್ಲ, ಅದು ಆ ಗೆರೆಯ ಕೆಲಸ. ನಿನಗೆ ಹದಿನಾರು ಹದಿನೇಳು ಆಗುವ ಹೊತ್ತಿಗೆ ಗೆರೆ ಮುಚ್ಚಿ, ಎರಡೂ ಒಂದಾಗುತ್ತವೆ. ನನ್ನ ಕೈಯಲ್ಲಿ ಅದು ಇಲ್ಲ, ಅಮ್ಮನ ಕೈಯಲ್ಲೂ ಇಲ್ಲ.

ಕೆಲಸ ಕಲಿಯುವಾಗ ನಾನೂ ನಿನ್ನ ಹಾಗೇ ಗಾಬರಿಯಾಗಿದ್ದೆ. ಒಬ್ಬ ಹುಡುಗನ ಮೊಣಕಾಲಿನ ಫಿಲ್ಮ್ ನೋಡಿ "ಮುರಿದಿದೆ ಸರ್" ಅಂದೆ. ನನಗೆ ಕಲಿಸುತ್ತಿದ್ದ ಹಿರಿಯರು ಬಯ್ಯಲಿಲ್ಲ. ನೋವಿಲ್ಲದ ಇನ್ನೊಂದು ಕಾಲಿನ ಫಿಲ್ಮನ್ನೂ ಲೈಟ್ ಬಾಕ್ಸಿನಲ್ಲಿ ಪಕ್ಕ ಸಿಕ್ಕಿಸಿದರು. ಅದೇ ಗೆರೆ, ಅದೇ ಜಾಗದಲ್ಲಿ. ಅವರು ಒಂದು ಮಾತೂ ಆಡಲಿಲ್ಲ, ನನಗೆ ಅರ್ಥವಾಯಿತು.

ಹಾಗಾದರೆ ಪೆಟ್ಟು ಎಲ್ಲಿ? ಗೆರೆಯಿಂದ ಮೊಣಕೈ ಕಡೆಗೆ ಒಂದು ಇಂಚು ಬಾ. ಮೂಳೆಯ ಅಂಚು ನುಣ್ಣಗೆ ಬರುತ್ತಾ ಬರುತ್ತಾ ಒಂದು ಕಡೆ ಕಬ್ಬಿನ ಗಿಣ್ಣಿನ ಹಾಗೆ ಸ್ವಲ್ಪ ಉಬ್ಬಿದೆ. ಕೈ ಊರಿ ಬಿದ್ದಾಗ ಮೂಳೆ ಅಲ್ಲಿ ಅದುಮಿಕೊಂಡಿದೆ, ಅಷ್ಟೇ. ಡಾಕ್ಟರು ಬಕಲ್ ಫ್ರ್ಯಾಕ್ಚರ್ ಅಂದದ್ದು ಇದನ್ನೇ. ನೀನು ಹತ್ತಿದ ಸೀಬೆ ಮರದ ಹಸಿ ಕಡ್ಡಿ ಬಗ್ಗುತ್ತದೆ, ಒಣಗಿದ್ದು ಲಟಕ್ ಅನ್ನುತ್ತದೆ. ಮಕ್ಕಳ ಮೂಳೆ ಹಸಿ ಕಡ್ಡಿ. ಪಕ್ಕದಿಂದ ಇನ್ನೊಂದು ಚಿತ್ರ ತೆಗೆದರಲ್ಲ, ಅದರಲ್ಲಿ ಈ ಉಬ್ಬು ಇನ್ನೂ ಚೆನ್ನಾಗಿ ಕಾಣುತ್ತದೆ. ಒಂದೇ ಕಡೆಯಿಂದ ನೋಡಿದರೆ ಕೆಲವು ಪೆಟ್ಟು ಅಡಗಿಬಿಡುತ್ತವೆ.

ಮೊದಲು ಎಕ್ಸ್‌ರೇಯಲ್ಲಿ ಕಂಡ ಕೈಗಳಲ್ಲಿ ಒಂದು ಅನ್ನಾ ಬರ್ತಾ ಅವರದು. 1895ರ ಡಿಸೆಂಬರಿನಲ್ಲಿ, ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ, ಅವರ ಗಂಡ ರಾಂಟ್‌ಜೆನ್ ತೆಗೆದದ್ದು. ಈ ಕಿರಣ ಕಂಡುಹಿಡಿದವರು ಅವರೇ. ಆ ಚಿತ್ರದಲ್ಲಿ ಬೆರಳಿನ ಮೂಳೆಗೆ ಉಂಗುರ ಜೋತುಬಿದ್ದ ಹಾಗಿದೆ. ಪಾಪ, ಆಗ ಅನ್ನಾ ಅವರು ಎಷ್ಟೋ ನಿಮಿಷ ಕೈ ಅಲ್ಲಾಡಿಸದೆ ಇಡಬೇಕಿತ್ತು. ನಿನಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

ಈಗ ಮಣಿಕಟ್ಟಿನ ಪುಟ್ಟ ಮೂಳೆಗಳನ್ನು ಎಣಿಸು. ಬೆಣಚುಕಲ್ಲು ಜೋಡಿಸಿಟ್ಟ ಹಾಗಿವೆ. ಫೋಟೋ ದೊಡ್ಡದು ಮಾಡಿ ನಾನೂ ಎಣಿಸಿದೆ, ಏಳು. ದೊಡ್ಡವರಿಗೆ ಎಂಟು. ನೀನು ಹುಟ್ಟಿದ ದಿನ ತೆಗೆದಿದ್ದರೆ ಪ್ರಾಯಶಃ ಅಲ್ಲಿ ಒಂದೂ ಕಾಣುತ್ತಿರಲಿಲ್ಲ. ಎಲ್ಲಾ ಮೆತ್ತಗೇ ಇದ್ದವು. ಮೊದಲ ಕೆಲವು ತಿಂಗಳಲ್ಲಿ ಎರಡು ಬಂದಿರುತ್ತವೆ, ಆಮೇಲೆ ಒಂದೊಂದಾಗಿ ಉಳಿದವು. ಕೊನೆಯದು ಬಟಾಣಿ ಕಾಳಿನಷ್ಟೇ ಇರುತ್ತದೆ, ಕಿರುಬೆರಳಿನ ಬುಡದ ಕಡೆ. ನಿನಗೆ ಎಂಟು ವರ್ಷ. ಇವತ್ತೋ ನಾಳೆಯೋ ಅದರ ಸರದಿ. ಅದನ್ನು ನೋಡಬೇಕು ಅಂತ ಸುಮ್ನೆ ಎಕ್ಸ್‌ರೇ ತೆಗೆಸುವುದಿಲ್ಲ. ಬೇಕಾದಾಗ ಮಾತ್ರ ತೆಗೆಯಬೇಕು, ನಿನ್ನ ಮೇಲಂತೂ ಒಂದೂ ಜಾಸ್ತಿ ಬೇಡ.

ಪ್ಲಾಸ್ಟರ್ ಮೂರು ವಾರ ಇರಲಿ. ನೆನೆಸಬೇಡ. ಕೆರೆತ ಬಂದರೆ ಪೆನ್ಸಿಲ್ ತೂರಿಸಬೇಡ, ಅಜ್ಜಿಗೆ ಹೇಳು, ಮೇಲಿನಿಂದ ತಟ್ಟುತ್ತಾರೆ. ಬೆರಳು ಊದಿಕೊಂಡರೆ, ಜೋಮು ಹಿಡಿದರೆ ಯಾವ ಹೊತ್ತಾದರೂ ಸರಿ, ಅಮ್ಮನಿಗೆ ತಕ್ಷಣ ಹೇಳಬೇಕು. ಪ್ಲಾಸ್ಟರ್ ಬಿಚ್ಚುವ ದಿನ ನಾನು ರಜೆ ಹಾಕಿ ಬರುತ್ತೇನೆ. ಅದರ ಮೇಲೆ ನನಗೂ ಒಂದು ಚಿತ್ರ ಬರೆಯುವಷ್ಟು ಜಾಗ ಬಿಟ್ಟಿರು.

ನಿನ್ನ
ಅಪ್ಪ